ಹನಿಗೂಡಿದ ಹಳ್ಳ: ಸ್ವಸಹಾಯ ಸಂಘಗಳು ನಡೆದುಬಂದ ದಾರಿ

ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಇಂದು ಒಂದೆರಡಾದರೂ ಮಹಿಳಾ ಸಂಘಗಳ ಹೆಸರು ಕಿವಿಗೆ ಬೀಳುತ್ತದೆ. ಊರ ದೇವತೆಯ ಹೆಸರಿನದು ಒಂದು, ಅಕ್ಕಮಹಾದೇವಿಯ ಹೆಸರಿನದು ಇನ್ನೊಂದು, ಕಿತ್ತೂರು ಚೆನ್ನಮ್ಮನ ಹೆಸರಿನದು ಮತ್ತೊಂದು. ವಾರಕ್ಕೊಮ್ಮೆ ಸಭೆ, ತಲೆಗಿಷ್ಟು ಉಳಿತಾಯ, ಒಂದು ನಡಾವಳಿ ಪುಸ್ತಕ, ಬ್ಯಾಂಕಿನಲ್ಲಿ ಒಂದು ಖಾತೆ. ಈ ವ್ಯವಸ್ಥೆ ನಮ್ಮ ಗ್ರಾಮಜೀವನದಲ್ಲಿ ಎಷ್ಟು ಸಹಜವಾಗಿ ಬೆರೆತಿದೆಯೆಂದರೆ, ಇದಕ್ಕೂ ಒಂದು ಇತಿಹಾಸವಿದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಈ ಇತಿಹಾಸದ ಮುಖ್ಯ ಅಧ್ಯಾಯವೊಂದು ನಡೆದದ್ದು ಕರ್ನಾಟಕದಲ್ಲಿಯೇ, ಅದೂ ತೀರ ಸಣ್ಣ ಅನುದಾನವೊಂದರ ನೆರವಿನಿಂದ ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಈ ಕಥೆಯನ್ನು ಈಗ ನೆನಪಿಸಿಕೊಳ್ಳಲು ಕಾರಣವಿದೆ. 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅನೇಕ ಕಡೆ ‘ಸಂಘ’ ಎಂಬ ಮಾತಿಗೆ ‘ವಾರದ ಕಂತು’ ಎಂಬುದೇ ಅರ್ಥವಾಗಿಬಿಟ್ಟಿದೆ. ಬಡತನವನ್ನೂ ಒಂಟಿತನವನ್ನೂ ಒಟ್ಟಿಗೆ ಎದುರಿಸಲು ಹುಟ್ಟಿದ ಕೂಟವೊಂದು ಕಂತಿನ ಭಯಕ್ಕೆ ಹೆಸರಾಗುವ ಹಂತಕ್ಕೆ ಹೇಗೆ ಬಂತು? ಇದನ್ನು ತಿಳಿಯಬೇಕಾದರೆ ಸಂಘದ ಬೇರನ್ನು ಹುಡುಕಬೇಕು.

ಮುಯ್ಯಿ, ಚೀಟಿ, ಹಿಡಿಯಕ್ಕಿ

ಕೂಡಿ ಉಳಿಸುವುದು, ಕೂಡಿ ದುಡಿಯುವುದು ನಮ್ಮವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಿದ ವಿದ್ಯೆಯಲ್ಲ. ಮದುವೆ ಮುಂಜಿಗಳಲ್ಲಿ ಮುಯ್ಯಿ ಮಾಡುವುದುಂಟು. ಇಂದು ನಾನು ಕೊಟ್ಟದ್ದು ನಾಳೆ ನನ್ನ ಮನೆಯ ಕಾರ್ಯಕ್ಕೆ ಹಿಂದಿರುಗಿ ಬರುತ್ತದೆ. ಗದ್ದೆ ನಾಟಿ, ಕಳೆ, ಕೊಯ್ಲಿನ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಪದ್ಧತಿ ಇತ್ತು. ಕೂಲಿ ಕೊಡಲು ಕಾಸಿಲ್ಲದವನಿಗೂ ಹತ್ತಾಳು ಸಿಗುತ್ತಿದ್ದದ್ದು ಇದರಿಂದ. ಪಟ್ಟಣಗಳಲ್ಲಿ ಚೀಟಿ, ಮನೆಮನೆಗಳಲ್ಲಿ ಹಿಡಿಯಕ್ಕಿ. ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕಿ ಕಷ್ಟಕಾಲಕ್ಕೆ ಇಡುವುದು ಗೃಹಿಣಿಯರು ಕಂಡುಕೊಂಡ ಉಳಿತಾಯ.

ಆದರೆ ಈ ಪದ್ಧತಿಗಳಿಗೆ ಮಿತಿಯೂ ಇತ್ತು. ಮುಯ್ಯಿ ನಡೆಯುವುದು ಸರೀಕರ ನಡುವೆ. ಹೊಲವೇ ಇಲ್ಲದವನಿಗೆ ಮುಯ್ಯಾಳು ಯಾತಕ್ಕೆ? ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬರಿಗೈಯಾದಾಗ ಒಬ್ಬರಿಗೊಬ್ಬರು ಕೊಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆಗ ಉಳಿಯುತ್ತಿದ್ದ ದಾರಿ ಸಾಹುಕಾರನ ಮನೆಯದು.

ಕಣಗಿನಹಾಳದಿಂದ ಆರಂಭ

ಆ ದಾರಿ ಎಲ್ಲಿಗೆ ಮುಟ್ಟುತ್ತಿತ್ತೆಂಬುದಕ್ಕೆ 1875ರ ದಖನ್ ದಂಗೆ ಸಾಕ್ಷಿ. ಮುಂಬಯಿ ಪ್ರಾಂತದ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಕಸಿದು ಸುಟ್ಟರು. ಬೆದರಿದ ಸರ್ಕಾರ 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ತಂದಿತು. 1883 ಮತ್ತು 1884ರ ಕಾಯ್ದೆಗಳ ಮೂಲಕ ತಕಾವಿ ಸಾಲದ ಏರ್ಪಾಡು ಮಾಡಿತು. ಕಾಯ್ದೆಯಿಂದ ಸಾಹುಕಾರನ ಕೈ ಹಿಡಿಯಬಹುದೇ ಹೊರತು ರೈತನ ಕೈಗೆ ಹಣ ಬರುವುದಿಲ್ಲ ಎಂಬುದು ಬೇಗನೇ ಗೊತ್ತಾಯಿತು.

ಇದೇ ಸಮಸ್ಯೆಗೆ ಜರ್ಮನಿಯಲ್ಲಿ ಉತ್ತರ ಹುಡುಕಿದವನು ಫ್ರೆಡ್ರಿಕ್ ರೈಫೈಸನ್ ಎಂಬ ಗ್ರಾಮಾಡಳಿತದ ಅಧಿಕಾರಿ. 1846-47ರ ಬರಗಾಲದಲ್ಲಿ ಬಡವರಿಗೆ ರೊಟ್ಟಿ ಒದಗಿಸಲು ಸಂಘ ಕಟ್ಟಿದ ಆತ, ಬರೀ ದಾನದಿಂದ ಬಡತನ ತೀರದೆಂದು ಕಂಡುಕೊಂಡು 1864ರಲ್ಲಿ ಸಾಲದ ಸಹಕಾರ ಸಂಘ ಆರಂಭಿಸಿದ. ಅದರ ಸೂತ್ರ ಸರಳವಾದದ್ದು: ಸಂಘದ ವ್ಯಾಪ್ತಿ ಒಂದು ಊರಿಗೆ ಮೀರಬಾರದು, ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ಸಾಲಕ್ಕೆ ಎಲ್ಲರೂ ಹೊಣೆ. ಆಸ್ತಿಯಿಲ್ಲದವನಿಗೆ ನೆರೆಹೊರೆಯವರ ನಂಬಿಕೆಯೇ ಅಡಮಾನ. ಮದ್ರಾಸ್ ಸರ್ಕಾರದ ಪರವಾಗಿ ಯುರೋಪಿನ ಈ ಸಂಘಗಳನ್ನು ಅಭ್ಯಾಸ ಮಾಡಿದ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರಲ್ಲಿ ವರದಿ ಕೊಟ್ಟು, ಭಾರತಕ್ಕೂ ಅದೇ ಮಾರ್ಗ ಸೂಚಿಸಿದ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು.

ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಇತಿಹಾಸ ಬರೆಯುವವರು ಈ ಊರಿನ ಹೆಸರಿನಿಂದಲೇ ಆರಂಭಿಸುತ್ತಾರೆ. ಮೈಸೂರು ಸಂಸ್ಥಾನವೂ ಅದೇ ವರ್ಷ ಸಹಕಾರ ಕಾನೂನು ಮಾಡಿತು. ಕರಾವಳಿಯಲ್ಲಿ ಇನ್ನೊಂದು ಬಗೆಯ ಪ್ರಯೋಗ ನಡೆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಉಳಿತಾಯ ಸಂಗ್ರಹಿಸತೊಡಗಿತು. ಬಡವರಿಗೂ ಉಳಿಸುವ ಶಕ್ತಿಯಿದೆ ಎಂಬುದನ್ನು ಬ್ಯಾಂಕೊಂದು ಲೆಕ್ಕದ ಪುಸ್ತಕದಲ್ಲಿ ತೋರಿಸಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಕೈಗೆಟುಕದ ಸಾಲ

ಸ್ವಾತಂತ್ರ್ಯ ಬಂದ ಮೇಲೆ ಈ ಎಲ್ಲ ಪ್ರಯತ್ನಗಳ ಫಲವನ್ನು ಅಳೆದು ನೋಡಿದವರು ಎ.ಡಿ. ಗೋರ್‌ವಾಲಾ ನೇತೃತ್ವದ ಸಮಿತಿಯವರು. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಫಲಿತಾಂಶ ನಿರಾಶೆ ತರುವಂಥದ್ದು. ಐವತ್ತು ವರ್ಷಗಳ ಸಹಕಾರ ಚಳವಳಿಯ ನಂತರವೂ ಹಳ್ಳಿಗರು ಪಡೆಯುತ್ತಿದ್ದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ. ಲೇವಾದೇವಿದಾರರ ಪಾಲು ಶೇಕಡಾ 70ರ ಹತ್ತಿರ. ಸಂಘಗಳು ದೊಡ್ಡದಾದಂತೆ ಅವುಗಳ ಆಡಳಿತ ಊರಿನ ಉಳ್ಳವರ ಕೈಸೇರಿತ್ತು. ಭೂಮಿಯ ಪಹಣಿ ತೋರಿಸಿದವರಿಗೆ ಸಾಲ ಎಂದಾಗ ಭೂಮಿಯಿಲ್ಲದವರೂ, ಹೆಸರಿನಲ್ಲಿ ಏನೂ ಇಲ್ಲದ ಹೆಂಗಸರೂ ಬಾಗಿಲ ಹೊರಗೇ ಉಳಿದರು.

1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು. 1982ರಲ್ಲಿ ನಬಾರ್ಡ್ ಸ್ಥಾಪನೆಯಾಯಿತು. ಬ್ಯಾಂಕಿನ ಶಾಖೆ ಹಳ್ಳಿಯ ಹತ್ತಿರಕ್ಕೆ ಬಂತು, ನಿಜ. ಆದರೆ ಕೂಲಿ ಬಿಟ್ಟು ಬ್ಯಾಂಕಿಗೆ ನಾಲ್ಕು ಸಲ ಅಲೆದು, ಅರ್ಜಿ ತುಂಬಿಸಲು ಯಾರನ್ನೋ ಹಿಡಿದು, ಜಾಮೀನು ಹುಡುಕಿ ಐನೂರು ರೂಪಾಯಿ ಸಾಲ ತರುವುದು ಬಡವನಿಗೆ ಕೈಗೂಡುವ ಮಾತಾಗಿರಲಿಲ್ಲ. ಐನೂರು ರೂಪಾಯಿಯ ಸಾಲಕ್ಕೂ ಐವತ್ತು ಸಾವಿರದ ಸಾಲಕ್ಕೂ ಬ್ಯಾಂಕಿನವರು ಬರೆಯಬೇಕಾದ ಕಾಗದ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಸಣ್ಣ ಸಾಲ ಬ್ಯಾಂಕಿಗೂ ಬೇಡವಾದದ್ದು.

1980ರ ದಶಕದ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ, ಅಂದರೆ ಐಆರ್‌ಡಿಪಿ, ಈ ಕಂದಕಕ್ಕೆ ಸಹಾಯಧನದ ಸೇತುವೆ ಕಟ್ಟಲು ಹೊರಟಿತು. ಸಣ್ಣ ರೈತರಿಗೆ ಕಾಲು ಭಾಗ, ಅತಿ ಸಣ್ಣ ರೈತರಿಗೂ ಕೂಲಿಕಾರರಿಗೂ ಮೂರನೆಯ ಒಂದು ಭಾಗ ಸಬ್ಸಿಡಿ. ಆದರೆ ಏನು ಕೊಳ್ಳಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಮೇಲಿನವರು. ಮನೆಯಲ್ಲಿ ಕಾಯಿಲೆ ಬಿದ್ದವರಿದ್ದು ಔಷಧಕ್ಕೆ ಹಣ ಬೇಕಾದವರಿಗೂ ಎಮ್ಮೆಯೇ ಮಂಜೂರು. ಮೇವಿಲ್ಲದ ಊರಿನಲ್ಲಿ ಎಮ್ಮೆ ಮಾರಾಟವಾಗುತ್ತಿತ್ತು. ಸಾಲ ಮಾತ್ರ ಉಳಿಯುತ್ತಿತ್ತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಫಲಾನುಭವಿ ಒಂಟಿಯಾಗಿದ್ದದ್ದು. ಪಟ್ಟಿಗೆ ಹೆಸರು ಸೇರಿಸುವವನ ಮುಂದೆ, ಸಹಿ ಹಾಕುವವನ ಮುಂದೆ, ಎಮ್ಮೆ ಮಾರುವವನ ಮುಂದೆ ಆತ ಒಬ್ಬನೇ ನಿಲ್ಲಬೇಕಾಗಿತ್ತು.

ಮುರಿದ ಸೊಸೈಟಿಯಿಂದ ಹುಟ್ಟಿದ ಗುಂಪು

ಈ ಹಂತದಲ್ಲಿ ಕಥೆಗೆ ಮೈರಾಡ ಪ್ರವೇಶಿಸುತ್ತದೆ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಹೆಸರು ಇದು. 1968ರಲ್ಲಿ ಇದು ಸ್ಥಾಪನೆಯಾದದ್ದು ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಸರ್ಕಾರದ ಕೆಲಸಕ್ಕೆ ನೆರವಾಗಲು. ಆ ಕೆಲಸ ಮುಗಿಯುತ್ತ ಬಂದಂತೆ, 1970ರ ದಶಕದ ಕೊನೆಯಿಂದ, ಸಂಸ್ಥೆ ಸುತ್ತಲಿನ ಬರಪೀಡಿತ ಪ್ರದೇಶಗಳ ಬಡವರತ್ತ ತಿರುಗಿತು. ಆಗಿನ ರೂಢಿಯಂತೆ ಇದೂ ಸಹಕಾರ ಸಂಘಗಳನ್ನೇ ಕಟ್ಟಿ ಅವುಗಳ ಮೂಲಕ ಸಾಲ ಕೊಡಿಸಿತು.

1984-85ರ ಹೊತ್ತಿಗೆ ಅಂಥ ಹಲವು ಸೊಸೈಟಿಗಳು ಮುರಿದುಬಿದ್ದವು. ಸದಸ್ಯರ ಸಂಖ್ಯೆ ದೊಡ್ಡದು, ಮುಖಂಡರಲ್ಲಿ ನಂಬಿಕೆಯಿಲ್ಲ, ಲೆಕ್ಕ ಸರಿಯಿಲ್ಲ. ಆಗ ಒಂದು ವಿಚಿತ್ರ ನಡೆಯಿತು. ಕೆಲವು ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಮೈರಾಡದ ಕಾರ್ಯಕರ್ತರ ಬಳಿಗೆ ಬಂದು, ಸಾಲ ತೀರಿಸಲು ತಾವು ಸಿದ್ಧ, ಆದರೆ ಸೊಸೈಟಿಗೆ ಕಟ್ಟುವುದಿಲ್ಲ, ನಿಮಗೆ ಕೊಡುತ್ತೇವೆ ಎಂದರು. ನೀವು ನಮಗೆ ಸಾಲಗಾರರಲ್ಲ, ಒಬ್ಬರಿಗೊಬ್ಬರು ಸಾಲಗಾರರು. ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದು ಸಂಸ್ಥೆ ಹೇಳಿತು. ಗುಂಪುಗಳು ಹಾಗೆಯೇ ಮಾಡಿದವು. ಮರುಪಾವತಿಯಾದ ಹಣಕ್ಕೆ ವಾರದ ಉಳಿತಾಯ ಸೇರಿಸಿ, ತಮ್ಮಲ್ಲೇ ಸಾಲ ಕೊಡಲು ಆರಂಭಿಸಿದವು.

ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಮತ್ತು ಅವರ ಸಂಗಡಿಗರು ಈ ಗುಂಪುಗಳನ್ನು ಗಮನಿಸಿದಾಗ ಒಂದು ಸಂಗತಿ ಎದ್ದುಕಂಡಿತು. ಈ ಗುಂಪುಗಳನ್ನು ಸಂಸ್ಥೆ ಆರಿಸಿರಲಿಲ್ಲ. ಜನರೇ ಒಬ್ಬರನ್ನೊಬ್ಬರು ಆರಿಸಿಕೊಂಡಿದ್ದರು. ಒಂದೇ ಊರಿನ ಸೊಸೆಯಂದಿರು, ಒಂದೇ ಕೆಲಸ ಮಾಡುವವರು, ಒಂದೇ ಬಗೆಯ ಕಷ್ಟ ಉಂಡವರು. ಸಂಸ್ಥೆಯವರು ಇದನ್ನು ಪರಸ್ಪರ ನಂಟಿನ ಗುಂಪು ಎಂದು ಕರೆದರು. ನಮ್ಮ ಮುಯ್ಯಿಯ ಹಿಂದಿದ್ದ ನಂಬಿಕೆಯೇ ಇಲ್ಲಿ ಬೇರೊಂದು ರೂಪ ತಳೆದಿತ್ತೆಂದರೆ ತಪ್ಪಾಗಲಾರದು. 1986-87ರ ಹೊತ್ತಿಗೆ ಮೈರಾಡದ ಪ್ರದೇಶಗಳಲ್ಲಿ ಇಂಥ ಸುಮಾರು 300 ಗುಂಪುಗಳಿದ್ದವು.

ಸಂಘ ನಡೆಯುವ ಬಗೆ

ಸಂಘದ ಒಳಗಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸದಸ್ಯರು ಸಾಮಾನ್ಯವಾಗಿ 10ರಿಂದ 20. ಇಪ್ಪತ್ತಕ್ಕೆ ಮಿತಿ ಹಾಕಿದ್ದಕ್ಕೆ ಕಾನೂನಿನ ಕಾರಣವೂ ಇತ್ತು. 1956ರ ಕಂಪನಿ ಕಾಯ್ದೆಯಂತೆ ಅದನ್ನು ಮೀರಿ ಜನ ಸೇರಿ ಲಾಭದ ವ್ಯವಹಾರ ಮಾಡಿದರೆ ನೋಂದಣಿ ಕಡ್ಡಾಯವಾಗಿತ್ತು. ಆದರೆ ಅದಕ್ಕಿಂತ ಮುಖ್ಯವಾದ ಕಾರಣ, ಇಪ್ಪತ್ತು ಜನ ಸುತ್ತಲೂ ಕುಳಿತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಮಾತಾಡದೆ ಹಿಂದೆ ಕೂರಲು ಯಾರಿಗೂ ಜಾಗವಿರುವುದಿಲ್ಲ.

ವಾರದಲ್ಲಿ ಗೊತ್ತಾದ ಒಂದು ದಿನ ಸಭೆ. ಬಾರದವರಿಗೆ, ತಡವಾಗಿ ಬಂದವರಿಗೆ ದಂಡ. ಎಲ್ಲರೂ ಸಮನಾಗಿ ಉಳಿತಾಯ ಕಟ್ಟಬೇಕು. ಯಾರಿಗೆ ಸಾಲ ಬೇಕೋ ಅವರು ಸಭೆಯಲ್ಲಿಯೇ ಕೇಳಬೇಕು. ಯಾತಕ್ಕೆ, ಎಷ್ಟು, ಹೇಗೆ ತೀರಿಸುತ್ತೀರಿ ಎಂಬುದರ ಚರ್ಚೆ ಎಲ್ಲರ ಎದುರಿನಲ್ಲಿ. ಒಪ್ಪಿದರೆ ಠರಾವು ಬರೆದು ಸಹಿ ಹಾಕಬೇಕು. ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಇದು ಬ್ಯಾಂಕಿನ ಬಡ್ಡಿಗಿಂತ ಹೆಚ್ಚಲ್ಲವೇ ಎಂದು ಕೇಳುವವರುಂಟು. ಆದರೆ ಸಾಹುಕಾರನಿಗೆ ನೂರಕ್ಕೆ ಐದು, ಹತ್ತು ಕಟ್ಟುತ್ತಿದ್ದವರಿಗೆ ಇದು ಕಡಿಮೆ. ಅದಕ್ಕಿಂತ ಮಿಗಿಲಾಗಿ, ಆ ಬಡ್ಡಿ ಸಂಘದಲ್ಲಿಯೇ ಉಳಿದು ಎಲ್ಲರ ಬಂಡವಾಳವಾಗುತ್ತದೆ.

ಮೊದಮೊದಲು ಸಾಲ ಹೋಗುತ್ತಿದ್ದದ್ದು ಯಾತಕ್ಕೆ? ಮನೆಗೆ ಜೋಳ ರಾಗಿ ತರಲು, ಮಗುವಿನ ಔಷಧಕ್ಕೆ, ಶಾಲೆಯ ಪುಸ್ತಕಕ್ಕೆ, ಅಡವಿಟ್ಟ ಓಲೆ ಬಿಡಿಸಿಕೊಳ್ಳಲು. ಅಭಿವೃದ್ಧಿಯ ಭಾಷೆಯಲ್ಲಿ ಇವೆಲ್ಲ ‘ಅನುತ್ಪಾದಕ’ ಸಾಲಗಳು. ಆದರೆ ಈ ನೂರಿನ್ನೂರು ರೂಪಾಯಿಗಾಗಿಯೇ ಬಡವರು ಸಾಹುಕಾರನ ಜೀತಕ್ಕೆ ಬೀಳುತ್ತಿದ್ದದ್ದು. ಆ ಎಳೆಯನ್ನು ಕತ್ತರಿಸಿದ ಮೇಲೆಯೇ ಆಡು, ಕುರಿ, ಹಸು, ಅಂಗಡಿಯ ಮಾತು. ಸಂಘ ಕೊಟ್ಟ ಸ್ವಾತಂತ್ರ್ಯ ಇದೇ: ತನಗೆ ಯಾತಕ್ಕೆ ಹಣ ಬೇಕೆಂದು ಹೇಳುವ ಹಕ್ಕು.

ಹತ್ತು ಲಕ್ಷದ ಅನುದಾನ

1987ರಲ್ಲಿ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿಗಳ ಅನುದಾನ ಕೊಟ್ಟಿತು. ಸಂಶೋಧನೆ ಮತ್ತು ಅಭಿವೃದ್ಧಿಗಾಗಿ ಇಟ್ಟಿದ್ದ ನಿಧಿಯಿಂದ ಬಂದ ಈ ಹಣದ ಉದ್ದೇಶ, ಗುಂಪುಗಳು ತಾವಾಗಿ ಉಳಿಸಿದ ಮೊತ್ತಕ್ಕೆ ಸರಿಜೋಡಿಯಾಗಿ ಒಂದಷ್ಟು ಸೇರಿಸಿ ಏನಾಗುತ್ತದೆ ನೋಡುವುದು. ಜೊತೆಗೆ ಸದಸ್ಯರಿಗೆ ತರಬೇತಿ ಕೊಡುವುದು. ಅಲ್ಲಿಯವರೆಗೆ ‘ಸಾಲ ನಿರ್ವಹಣಾ ಗುಂಪು’ ಎಂದು ಕರೆಯಲಾಗುತ್ತಿದ್ದ ಇವಕ್ಕೆ ‘ಸ್ವಸಹಾಯ ಗುಂಪು’ ಎಂಬ ಹೆಸರು ಬಂದದ್ದೂ ಆಗಲೇ.

ಹತ್ತು ಲಕ್ಷವನ್ನು ಆಗಿದ್ದ 300 ಗುಂಪುಗಳಿಗೆ ಸುಮ್ಮನೆ ಹಂಚಿದರೆ ಒಂದೊಂದಕ್ಕೆ ಮೂರು ಸಾವಿರದ ಮುನ್ನೂರು ರೂಪಾಯಿಗಳಾಗುತ್ತವೆ. ಒಂದು ಒಳ್ಳೆಯ ಎಮ್ಮೆಗೂ ಸಾಲದ ಹಣ. ಆದರೆ ಈ ಅನುದಾನಕ್ಕೆ ಮೂರು ವಿಶೇಷಗಳಿದ್ದವು. ಮೊದಲನೆಯದು, ಇದು ಉಳಿಸಿದವರಿಗೆ ಮಾತ್ರ, ಉಳಿಸಿದಷ್ಟನ್ನು ನೋಡಿಕೊಂಡು ಬಂತು. ಆದ್ದರಿಂದ ಇದು ದಾನವೆಂದು ಯಾರಿಗೂ ಅನ್ನಿಸಲಿಲ್ಲ. ಎರಡನೆಯದು, ಯಾರಿಗೆ ಕೊಡಬೇಕೆಂದು ತೀರ್ಮಾನಿಸಿದ್ದು ಗುಂಪು. ಮೂರನೆಯದು, ಹಣ ಒಬ್ಬರ ಕೈಯಲ್ಲಿ ಕರಗಿಹೋಗಲಿಲ್ಲ. ಒಬ್ಬರು ತೀರಿಸಿದ್ದು ಇನ್ನೊಬ್ಬರಿಗೆ ಹೋಗಿ ಸುತ್ತುತ್ತಲೇ ಇತ್ತು.

ಪ್ರಯೋಗದ ಫಲ ಕಂಡು ಬ್ಯಾಂಕಿಂಗ್ ವಲಯ ನಿಧಾನವಾಗಿ ಕಣ್ತೆರೆಯಿತು. 1991ರಲ್ಲಿ ರಿಸರ್ವ್ ಬ್ಯಾಂಕ್ ಈ ಗುಂಪುಗಳಿಗೆ ಸಾಲ ಕೊಡುವಂತೆ ವಾಣಿಜ್ಯ ಬ್ಯಾಂಕುಗಳಿಗೆ ಸೂಚಿಸಿತು. 1992ರ ಫೆಬ್ರುವರಿಯಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಮೂರು ಅಂಶಗಳು ಅಂದಿನ ಮಟ್ಟಿಗೆ ಕ್ರಾಂತಿಕಾರಿ ಎನ್ನಬಹುದಾದವು: ನೋಂದಣಿಯಾಗದ ಗುಂಪಿಗೂ ಖಾತೆ ತೆರೆಯಬಹುದು, ಅಡಮಾನವಿಲ್ಲದೆ, ಉಳಿತಾಯದ ಒಂದರಿಂದ ನಾಲ್ಕು ಪಟ್ಟಿನವರೆಗೆ ಸಾಲ ಕೊಡಬಹುದು, ಆ ಸಾಲವನ್ನು ಯಾರಿಗೆ, ಯಾತಕ್ಕೆ ಕೊಡಬೇಕೆಂಬುದು ಗುಂಪಿಗೆ ಬಿಟ್ಟದ್ದು. ಆರಂಭದ ಸಾಲಗಳಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಹಿಳಾ ಸಂಘಗಳಿಗೆ ಸಿಕ್ಕವೂ ಇದ್ದವು. 1996ರಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಬ್ಯಾಂಕುಗಳ ಎಂದಿನ ವ್ಯವಹಾರವೆಂದೇ ಪರಿಗಣಿಸಲು ಹೇಳಿತು.

ಇದೇ ಕಾಲಕ್ಕೆ ಇತರೆಡೆಯೂ ಇಂಥ ಪ್ರಯತ್ನಗಳು ನಡೆದಿದ್ದವು. ಅಹಮದಾಬಾದಿನಲ್ಲಿ ಇಳಾ ಭಟ್ಟರ ನೇತೃತ್ವದ ಸೇವಾ ಸಂಘಟನೆಯ ಮಹಿಳೆಯರು ತಲಾ ಹತ್ತು ರೂಪಾಯಿ ಹಾಕಿ 1974ರಲ್ಲೇ ತಮ್ಮದೇ ಬ್ಯಾಂಕ್ ಕಟ್ಟಿದ್ದರು. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಆರಂಭಿಸಿದ ಪ್ರಯೋಗ 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಗಿತ್ತು. ಆದರೆ ಗ್ರಾಮೀಣ್ ಮಾದರಿಯಲ್ಲಿ ನಿಯಮ ಬ್ಯಾಂಕಿನದು, ಸಾಲಗಾರ ಬ್ಯಾಂಕಿನ ಗ್ರಾಹಕ. ನಮ್ಮ ಸಂಘದಲ್ಲಿ ನಿಯಮವೂ ಸದಸ್ಯರದೇ, ಬಂಡವಾಳವೂ ಮೊದಲಿಗೆ ಅವರದೇ. ಈ ವ್ಯತ್ಯಾಸ ಮುಂದಿನ ಕಥೆಗೆ ಮುಖ್ಯ.

ಮಾತಿಗೊಂದು ಮನೆ

ಹಣದ ಲೆಕ್ಕವಷ್ಟೇ ಹೇಳಿದರೆ ಸಂಘದ ಅರ್ಧ ಕಥೆ ಹೇಳಿದಂತೆ. ಮದುವೆಯಾಗಿ ಬೇರೆ ಊರಿಗೆ ಬಂದ ಹೆಣ್ಣುಮಗಳಿಗೆ ಹೊಲ, ಒಲೆ, ನೀರಿನ ಬಾವಿಗಳಾಚೆ ಊರೆಂಬುದೇ ಇರುತ್ತಿರಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂಬುದೇ ಆಕೆಯ ಗುರುತು. ಗಂಡಸರಿಗೆ ಅರಳಿಕಟ್ಟೆಯಿದೆ, ಚಹಾದಂಗಡಿಯಿದೆ, ಪಂಚಾಯಿತಿಯಿದೆ. ಹೆಂಗಸರು ಕಾರಣವಿಲ್ಲದೆ ಸೇರಿ ಕೂರಲು ಒಂದು ಜಾಗವೂ ಇರಲಿಲ್ಲ, ಒಂದು ನೆಪವೂ ಇರಲಿಲ್ಲ. ವಾರದ ಸಭೆ ಆ ನೆಪವನ್ನು ಒದಗಿಸಿತು. ಹಣದ ಕೆಲಸವೆಂದಾಗ ಮನೆಯಲ್ಲಿ ಬೇಡವೆನ್ನುವವರೂ ಸುಮ್ಮನಾದರು.

ಇದನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು ಬಂದದ್ದು ಮಹಿಳಾ ಸಮಖ್ಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ, ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವಿನಿಂದ ಕೇಂದ್ರ ಸರ್ಕಾರ ಉತ್ತರ ಪ್ರದೇಶ, ಗುಜರಾತ್ ಮತ್ತು ಕರ್ನಾಟಕಗಳಲ್ಲಿ ಇದನ್ನು ಆರಂಭಿಸಿತು. ನಮ್ಮಲ್ಲಿ ಇದು 1989ರಲ್ಲಿ ಮೊದಲಾದದ್ದು ಬಿಜಾಪುರ, ಬೀದರ್, ಮೈಸೂರು ಜಿಲ್ಲೆಗಳಲ್ಲಿ. ಇಲ್ಲಿ ಸಂಘ ಸಾಲದಿಂದ ಆರಂಭವಾಗಲಿಲ್ಲ, ಮಾತಿನಿಂದ ಆರಂಭವಾಯಿತು. ಹತ್ತು ಹಳ್ಳಿಗೊಬ್ಬಳಂತೆ ಸಹಯೋಗಿನಿ ಓಡಾಡಿ, ಹೆಚ್ಚಾಗಿ ದಲಿತ ಹಾಗೂ ಭೂಹೀನ ಕುಟುಂಬಗಳ ಮಹಿಳೆಯರನ್ನು ಸಂಜೆಯ ಹೊತ್ತು ಕೂಡಿಸುತ್ತಿದ್ದಳು. ಕುಡಿಯುವ ನೀರು, ಪಡಿತರ, ಕೂಲಿಯ ದರ, ಸಾರಾಯಿ, ಬಾಲ್ಯವಿವಾಹ ಹೀಗೆ ಮಾತು ಬೆಳೆಯುತ್ತಿತ್ತು.

ಈ ಕಾರ್ಯಕ್ರಮದಲ್ಲಿ ಸಂಘಗಳಿಗೆ ಸಿಗುತ್ತಿದ್ದ ಸಣ್ಣ ಅನುದಾನಗಳಲ್ಲಿ ಗಮನ ಸೆಳೆಯುವಂಥದ್ದು ‘ಸಂಘದ ಮನೆ’ ಕಟ್ಟಲು ಕೊಡುತ್ತಿದ್ದ ಹಣ. ಮನೆಯೆಂದರೆ ಒಂದೋ ಎರಡೋ ಕೋಣೆ. ಆದರೆ ಅದಕ್ಕಾಗಿ ನಿವೇಶನ ಕೇಳಲು ಮಹಿಳೆಯರು ಪಂಚಾಯಿತಿಗೆ ಹೋಗಬೇಕಾಯಿತು, ಅರ್ಜಿ ಬರೆಯಬೇಕಾಯಿತು, ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು. ಊರಿನಲ್ಲಿ ತಮ್ಮದೆನ್ನುವ ಅಂಗೈಯಗಲ ಜಾಗವೂ ಇಲ್ಲದವರಿಗೆ, ಬೀಗದ ಕೈ ತಮ್ಮ ಬಳಿಯೇ ಇರುವ ಒಂದು ಮನೆ ಸಿಕ್ಕಿತು. ಬಡತನವನ್ನು ರೂಪಾಯಿಯಲ್ಲಿ ಅಳೆಯಬಹುದು; ಒಂಟಿತನವನ್ನು ಅಳೆಯುವ ಮಾಪನವಿಲ್ಲ. ಆದರೂ ಅದು ಕಡಿಮೆಯಾದದ್ದು ಕಾಣುತ್ತಿತ್ತು. 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದು ಮಹಿಳೆಯರಿಗೆ ಮೂರನೆಯ ಒಂದು ಭಾಗದಷ್ಟು ಸ್ಥಾನ ಮೀಸಲಾದಾಗ, ಅನೇಕ ಕಡೆ ಸ್ಪರ್ಧೆಗೆ ನಿಂತವರು ಸಂಘದ ಸಭೆಯಲ್ಲಿ ಮಾತು ಕಲಿತವರು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಈ ಕಾಲದ ಇನ್ನೊಂದು ಉದಾಹರಣೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಇದರ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುತ್ತಾರೆ. ಹಳೆಯ ಮುಯ್ಯಾಳು ಪದ್ಧತಿಗೆ ಉಳಿತಾಯದ ಪುಸ್ತಕ ಸೇರಿದ ರೂಪ ಇದು.

ಸಂಖ್ಯೆಯ ಬೆನ್ನು ಹತ್ತಿ

ಯಶಸ್ಸು ತನ್ನದೇ ಕಷ್ಟಗಳನ್ನು ತರುತ್ತದೆ. 1999ರಲ್ಲಿ ಕೇಂದ್ರ ಸರ್ಕಾರ ಐಆರ್‌ಡಿಪಿಯನ್ನು ಕೈಬಿಟ್ಟು, ಗುಂಪುಗಳನ್ನು ಆಧರಿಸಿದ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ತಂದಿತು. 2000-01ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸ್ತ್ರೀಶಕ್ತಿ ಗುಂಪುಗಳನ್ನು ಆರಂಭಿಸಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂತು. ಕರ್ನಾಟಕದಲ್ಲಿ ಅದರ ಹೆಸರು ಸಂಜೀವಿನಿ. ಪ್ರತಿಯೊಂದರಲ್ಲೂ ಗುಂಪಿಗೆ ‘ಸುತ್ತುನಿಧಿ’ ಎಂಬ ಸಣ್ಣ ಅನುದಾನವಿದೆ. ಮೂಲದಲ್ಲಿ ಇದು ಆ ಹತ್ತು ಲಕ್ಷದ ಪ್ರಯೋಗದ ವಂಶಕ್ಕೆ ಸೇರಿದ್ದು. ಇಂದು ದೇಶದಲ್ಲಿ ಬ್ಯಾಂಕ್ ಖಾತೆಯಿರುವ ಗುಂಪುಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ.

ಆದರೆ ಗುರಿ ಮುಟ್ಟಿಸುವ ಅವಸರದಲ್ಲಿ ಮೂಲ ಸೂತ್ರ ಸಡಿಲವಾಯಿತು. ಜನರೇ ಆರಿಸಿಕೊಳ್ಳಬೇಕಾಗಿದ್ದ ಗುಂಪನ್ನು ಪಟ್ಟಿ ನೋಡಿ ಮಾಡಿದ್ದುಂಟು. ಅನುದಾನಕ್ಕಾಗಿಯೇ ಹುಟ್ಟಿದ ಸಂಘ ಅನುದಾನ ಹಂಚಿಕೊಂಡ ಮರುವಾರ ಸಭೆ ನಿಲ್ಲಿಸಿದ್ದುಂಟು. ರಾಜಕೀಯ ಸಮಾವೇಶಕ್ಕೆ ಜನ ಸೇರಿಸಲು ಸಂಘ ಸುಲಭದ ಸಾಧನವಾದದ್ದೂ ಉಂಟು. ಇನ್ನು ಕಡುಬಡವರ ಮಾತು. ವಾರಕ್ಕೆ ಹತ್ತು ರೂಪಾಯಿಯನ್ನೂ ಖಚಿತವಾಗಿ ಕಟ್ಟಲಾಗದವರನ್ನು, ಗುಳೆ ಹೋಗುವವರನ್ನು, ಗಟ್ಟಿಮುಟ್ಟಾಗಿಲ್ಲದ ಮುದುಕಿಯರನ್ನು ಸೇರಿಸಿಕೊಳ್ಳಲು ಗುಂಪುಗಳೇ ಹಿಂಜರಿಯುತ್ತವೆ. ನಂಟಿನ ಮೇಲೆ ನಿಂತ ಸಂಘ ನಂಟಿಲ್ಲದವರನ್ನು ಹೊರಗಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ನಂಟು ಎಷ್ಟೋ ವೇಳೆ ಜಾತಿಯ ಗೆರೆಯನ್ನೇ ಅನುಸರಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಖಾಸಗಿ ಕಿರುಸಾಲ ಕಂಪನಿಗಳಿಂದ. ಸಂಘಗಳು ಹತ್ತಾರು ವರ್ಷಗಳಲ್ಲಿ ಕಟ್ಟಿದ ಶಿಸ್ತು ಅವರಿಗೆ ಸಿದ್ಧ ಗದ್ದೆಯಾಯಿತು. ಐದಾರು ಹೆಂಗಸರನ್ನು ಕೂಡಿಸಿ, ಒಬ್ಬರಿಗೊಬ್ಬರು ಜಾಮೀನು ಹಾಕಿಸಿ ಸಾಲ ಕೊಡುವುದು ನೋಡಲು ಸಂಘದಂತೆಯೇ ಕಾಣುತ್ತದೆ. ಆದರೆ ಅಲ್ಲಿ ಉಳಿತಾಯವಿಲ್ಲ, ಠರಾವಿಲ್ಲ, ಬಡ್ಡಿ ಊರಿನಲ್ಲಿ ಉಳಿಯುವುದಿಲ್ಲ. ಒಬ್ಬಳು ಕಂತು ತಪ್ಪಿದರೆ ಉಳಿದವರು ಆಕೆಯ ಮನೆ ಮುಂದೆ ಕೂರಬೇಕು. ಕಷ್ಟದಲ್ಲಿ ಜೊತೆಗಿರಬೇಕಾದ ನೆರೆಯವಳೇ ವಸೂಲಿಗಾರಳಾಗುತ್ತಾಳೆ. ಬ್ಯಾಂಕ್ ಸಾಲ ಪಡೆದ ಮೊದಮೊದಲ ಸಂಘಗಳಿದ್ದ ಕೋಲಾರ ಜಿಲ್ಲೆಯಲ್ಲಿಯೇ 2009ರಲ್ಲಿ ಕಿರುಸಾಲದ ಮರುಪಾವತಿ ನಿಂತು ಬಿಕ್ಕಟ್ಟು ತಲೆದೋರಿತು. 2010ರಲ್ಲಿ ಆಂಧ್ರಪ್ರದೇಶ ಸರ್ಕಾರ ಕಿರುಸಾಲ ಸಂಸ್ಥೆಗಳ ಮೇಲೆ ಸುಗ್ರೀವಾಜ್ಞೆ ಹೊರಡಿಸಿತು. ಹದಿನೈದು ವರ್ಷಗಳ ನಂತರ ಕರ್ನಾಟಕವೂ ಅದೇ ಹಾದಿ ಹಿಡಿಯಬೇಕಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸಜೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ನಮ್ಮ ಸುಗ್ರೀವಾಜ್ಞೆಯಲ್ಲಿ ಅವಕಾಶವಿತ್ತು.

ಒಂದು ನೂರೈವತ್ತು ವರ್ಷಗಳ ಈ ನಡಿಗೆಯನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. 1875ರಲ್ಲಿ ರೈತ ಸುಟ್ಟ ಸಾಲಪತ್ರಕ್ಕೂ ಇಂದಿನ ಕಂತಿನ ಕಾರ್ಡಿಗೂ ಇರುವ ಹೋಲಿಕೆಯೆಂದರೆ, ಎರಡೂ ಕಡೆ ಸಾಲದ ಕರಾರು ಬರೆದದ್ದು ಸಾಲ ಕೊಟ್ಟವನು. ಕಣಗಿನಹಾಳದ ಸಂಘವಾಗಲಿ 1985ರ ಸುಮಾರಿನ ಗುಂಪುಗಳಾಗಲಿ ಭಿನ್ನವಾದದ್ದು, ಕರಾರು ಬರೆಯುವ ಲೇಖನಿ ಸಾಲ ಪಡೆಯುವವರ ಕೈಗೆ ಬಂದಾಗ. ಸಂಘ ದೊಡ್ಡದಾಗಿ ಲೇಖನಿ ಮತ್ತೆ ಕೈತಪ್ಪಿದಾಗಲೆಲ್ಲ ಅದು ಸೊರಗಿದೆ.

ಸಂಘಕ್ಕೆ ಸಾಲ ಬಂದರೆ ಸಾಲದು, ಸಂಘ ಉಳಿಯಬೇಕು. ಇಂದು ಒಂದು ಗುಂಪಿಗೆ ಲಕ್ಷಗಟ್ಟಲೆ ಸಾಲ ಸಿಗುವುದು ಕಷ್ಟವಲ್ಲ. ಆದರೆ ಲೆಕ್ಕ ಬರೆಯುವುದನ್ನು ಕಲಿಸಲು, ಸಭೆಗೆ ಒಂದು ಸೂರು ಒದಗಿಸಲು, ಉಳಿಸಲಾಗದ ಮುದುಕಿಯನ್ನೂ ಸೇರಿಸಿಕೊಳ್ಳುವಂತೆ ಗುಂಪಿಗೆ ಚೂರು ಬೆಂಬಲ ಕೊಡಲು ಬೇಕಾದ ಸಣ್ಣ ಹಣಕ್ಕೆ ಕೊಡುವವರು ಕಡಿಮೆ. ಮಹಿಳಾ ಸಮಖ್ಯ ನಿಂತುಹೋದ ಮೇಲೆ ಅಂಥ ಕೆಲಸಕ್ಕೆ ಬೇರೆ ಆಸರೆ ಹುಡುಕಬೇಕಾಗಿದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ನಮ್ಮಲ್ಲಿದೆ. ಹನಿಗೂ ತೆನೆಗೂ ತಮ್ಮಲ್ಲಿ ಕೊರತೆಯಿಲ್ಲ ಎಂಬುದನ್ನು ನಮ್ಮ ಹಳ್ಳಿಯ ಹೆಂಗಸರು ಈ ನಾಲ್ಕು ದಶಕಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಅವು ಕೂಡುವ ಜಾಗವನ್ನು ಕಾಪಾಡಲು ಖರ್ಚು ಮಾಡುವುದು ನಮ್ಮ ಸರ್ಕಾರಗಳಿಗೂ ಬ್ಯಾಂಕುಗಳಿಗೂ ದೊಡ್ಡ ಹೊರೆಯೇನಲ್ಲ.